ಮಾಳಿಗೆ ನೀರು ಬೋರ್ಡಿಗೆ ಇಳಿದ ರಾತ್ರಿ

ದಾವಣಗೆರೆಯಲ್ಲಿ ನೀರಿನ ಚಿಂತೆ ಅಂದರೆ ನಲ್ಲಿ ನೀರಿನದು. ಇವತ್ತು ಬಿಡ್ತಾರಾ, ಭದ್ರಾ ನಾಲೆ ಯಾವಾಗ ನಿಲ್ಲಿಸ್ತಾರೆ, ಟ್ಯಾಂಕ್ ತುಂಬಿತಾ ಅನ್ನುವುದೇ ಮಾತು. ಮೇಲಿಂದ ಬೀಳುವ ನೀರಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ವರ್ಷ ಚಿತ್ತಿ ಮಳೆ ಸಂಜೆಯಿಂದ ಒಂದೇ ಸಮ ಹೊಡೆದಾಗಲೂ ದೊಡ್ಡಮ್ಮ ಖುಷಿಯಿಂದ ಅಂಗಳದಲ್ಲಿ ಕೊಡ, ಬಕೆಟ್ ಸಾಲಾಗಿ ಇಟ್ಟಿದ್ದಳು.

ಊಟ ಮುಗಿದಿತ್ತು. ನಡುಮನೆಯ ಸ್ವಿಚ್ ಬೋರ್ಡಿನೊಳಗೆ ಚರ್ ಚರ್ ಸದ್ದು, ಜೊತೆಗೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಬೋರ್ಡಿನ ಸಂದಿಯಿಂದ ನೀರು ಇಳಿಯುತ್ತಿತ್ತು. ಅದೇ ಸಂದಿಯಿಂದ ಹೊಗೆ, ಆಮೇಲೆ ಬೆಂಕಿ. ಕೆಳಗಿದ್ದ ಒಗೆದ ಬಟ್ಟೆಯ ರಾಶಿಗೆ ಕಿಡಿ ಬಿತ್ತು. ದೊಡ್ಡಮ್ಮ ತುಂಬಿದ ಬಕೆಟ್ ಎತ್ತಿಕೊಂಡೇ ಬಂದಳು.

ಪಕ್ಕದ ಮನೆಯವರು ಮಂಡಕ್ಕಿ ಭಟ್ಟಿಯವರು. ಕೂಗು ಕೇಳಿ ಓಡಿ ಬಂದ ಯಜಮಾನರು ಬಾಗಿಲಲ್ಲೇ ಅಬ್ಬರಿಸಿದರು. "ನೀರ್ ಹಾಕಬ್ಯಾಡ್ರೀ ಅಮ್ಮಾರ! ಮೊದ್ಲು ಮೇನ್ ತೆಗೀರಿ!"

ಪುಣ್ಯಕ್ಕೆ ಮೇನ್ ಇದ್ದದ್ದು ವರಾಂಡದ ಒಣ ಗೋಡೆಯಲ್ಲಿ, ಕಾಲಡಿಯೂ ಒಣಗಿತ್ತು. ಎಳೆದೆ. ಕತ್ತಲಾಯಿತು. ಬೋರ್ಡಿನ ಉರಿ ತಾನಾಗಿ ಕುಗ್ಗಿತು. ಅಷ್ಟರಲ್ಲಿ ಅವರ ಮಗ ಡಬ್ಬದಲ್ಲಿ ಮರಳು ತಂದು ಬಟ್ಟೆಯ ಮೇಲೆ ಸುರಿದ. ಮಂಡಕ್ಕಿ ಅರಳುವುದೇ ಕಾದ ಮರಳಿನಲ್ಲಿ, ಅವರ ಮನೆಯಲ್ಲಿ ಮರಳಿಗೆ ಬರವೇ? ದಿನವಿಡೀ ಬೆಂಕಿಯ ಮುಂದೆ ಕೂರುವವರಿಗೆ ಅದರ ಗುಣವೂ ಗೊತ್ತು. "ಬಾಣಲೆ ಎಣ್ಣಿಗೆ ಬೆಂಕಿ ಹತ್ತಿದ್ರೂ ಅಷ್ಟೇರಿ. ನೀರು ತಳಕ್ಕಿಳಿದು ಆವಿ ಆಗಿ ಉರಿಯೋ ಎಣ್ಣಿನ್ನೇ ಎಗರಿಸ್ತತಿ. ಒಲಿ ಆರ್ಸಿ ತಟ್ಟೆ ಮುಚ್ಚಬೇಕು," ಎಂದರು. ದೊಡ್ಡಮ್ಮ ಬಕೆಟ್ ಕೆಳಗಿಟ್ಟದ್ದು ಆಗಲೇ.

ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬೋರ್ಡ್ ಬಿಚ್ಚುವ ಮೊದಲು ಮಾಳಿಗೆ ಹತ್ತಿದರು. ಅಲ್ಲಿ ಪಾದ ಮುಳುಗುವಷ್ಟು ನೀರು. ಮಳೆನೀರು ಇಳಿಯುವ ಪೈಪಿನ ಬಾಯಿಗೆ ಬೇವಿನೆಲೆ, ಒಂದು ಹರಿದ ಪ್ಲಾಸ್ಟಿಕ್ ಚೀಲ ಮೆತ್ತಿಕೊಂಡಿದ್ದವು. ನಿಂತ ನೀರು ಬಿರುಕು ಹುಡುಕಿ ಫ್ಯಾನ್ ಬಾಕ್ಸಿಗೆ ಇಳಿದಿದೆ. ಅಲ್ಲಿಂದ ವೈರ್ ಹೋಗುವ ಪೈಪೇ ಅದಕ್ಕೆ ಕಾಲುವೆಯಾಗಿ ಬೋರ್ಡಿಗೆ ಬಂದಿದೆ. ವಾಟರ್‌ಪ್ರೂಫಿಂಗ್ ಅಂತ ಸಾವಿರಗಟ್ಟಲೆ ಸುರಿಯುವ ನಮ್ಮ ಜನ ಪೈಪಿನ ಬಾಯಿಗೆ ಕೈ ಹಾಕುವುದಿಲ್ಲ ಅನ್ನುವುದು ಅವರ ದೂರು. ನನಗೂ ಸರಿಯೆನಿಸಿತು.

ತಾನಾಗಿ ಕರೆಂಟ್ ಕಡಿಯುವ ಸ್ವಿಚ್ಚು, ಎಂಸಿಬಿ, ಯಾಕೆ ಬೀಳಲಿಲ್ಲ ಎಂದು ಕೇಳಿದೆ. ಅದು ಬೀಳುವುದು ಶಾರ್ಟ್ ಆದರೆ ಅಥವಾ ಲೋಡ್ ಮೀರಿದರೆ. ಒದ್ದೆಯಲ್ಲಿ ಸಣ್ಣಗೆ ಹರಿದು ಬೋರ್ಡಿನ ಬೇಕೆಲೈಟ್ ಪ್ಲಾಸ್ಟಿಕ್ ಸುಡುವ ಕರೆಂಟ್ ಅದರ ಲೆಕ್ಕಕ್ಕೇ ಬರುವುದಿಲ್ಲವಂತೆ. ಗೋಡೆಗೆ, ಭೂಮಿಗೆ ಸೋರುವುದನ್ನು ಹಿಡಿಯಲು ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್ ಬೇಕು. 30 ಮಿಲಿಆಂಪ್‌ನದು ಹಾಕಿಸಿದೆವು. ಗೋಡೆ ಒಣಗಿ, ವೈರಿನ ಹೊದಿಕೆ ಸೋರುತ್ತದೆಯೇ ಎಂದು ಅಳೆಯುವ ಮೆಗ್ಗರ್ ಇಟ್ಟು ಪರೀಕ್ಷಿಸುವ ತನಕ ಆ ಲೈನಿಗೆ ಕರೆಂಟ್ ಕೊಡಲು ಆತ ಒಪ್ಪಲಿಲ್ಲ.

ದೊಡ್ಡಮ್ಮನಿಗೆ ಬೋರ್ಡಿಗಿಂತ ಹೆಚ್ಚು ಸಂಕಟವಾಗಿದ್ದು ಗೋಡೆಯ ಕಪಾಟಿನದು. ಮನೆ ಪತ್ರದ ಚಿಂತೆ ಇರಲಿಲ್ಲ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ದೃಢೀಕೃತ ನಕಲು ಸಿಗುತ್ತದೆ. ಆದರೆ ಮದುವೆ ಆಲ್ಬಮ್ ಪೂರ್ತಿ ನೆನೆದಿತ್ತು. ಒದ್ದೆ ಕಾಗದಕ್ಕೆ ಎರಡು ದಿನದೊಳಗೆ ಬೂಷ್ಟು ಹಿಡಿಯುತ್ತದೆ, ಬಿಸಿಲಿಗಿಟ್ಟರೆ ಫೋಟೊ ಸುರುಟಿಕೊಳ್ಳುತ್ತದೆ, ಎಳೆದರೆ ಬಣ್ಣವೇ ಕಿತ್ತು ಬರುತ್ತದೆ. ಕೈಗೆ ಬಿಡುವಾಗುವ ತನಕ ಫ್ರೀಜರಿನಲ್ಲಿಟ್ಟರೆ ಹಾಳಾಗುವುದು ನಿಲ್ಲುತ್ತದೆ ಎಂದೆ. ನಮ್ಮ ಫ್ರಿಜ್‌ಗೆ ಕರೆಂಟಿಲ್ಲ. ಆಲ್ಬಮ್ ಪ್ಲಾಸ್ಟಿಕ್ ಕವರ್ ತೊಟ್ಟು ಭಟ್ಟಿಯವರ ಫ್ರೀಜರಿಗೆ ಹೋಗಿ ಬೆಣ್ಣೆ ಪೊಟ್ಟಣದ ಪಕ್ಕ ಕೂತಿತು. ಆಮೇಲೆ ತಂದು, ಕರಗಿಸಿ, ಒಂದೊಂದೇ ಫೋಟೊ ಬಿಡಿಸಿ ಫ್ಯಾನ್ ಗಾಳಿಗೆ ಒಣಗಿಸಿದೆವು. ದೊಡ್ಡಪ್ಪನ ಮೀಸೆ ಅರ್ಧ ಹೋಗಿದೆ, ಉಳಿದದ್ದೆಲ್ಲ ಇದೆ.

ಮನೆಗೆ ವಿಮೆ ಇರಲಿಲ್ಲ, ಖರ್ಚು ನಮ್ಮದೇ. 2021ರ ಏಪ್ರಿಲ್‌ನಿಂದ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಬಂದಿದೆ, ಬೆಂಕಿ, ಪ್ರವಾಹ, ಟ್ಯಾಂಕ್ ಒಡೆಯುವುದು ಎಲ್ಲ ಅದರಲ್ಲಿದೆ ಎಂದು ದೊಡ್ಡಮ್ಮನಿಗೆ ವಿವರಿಸಿದೆ. "ಮಾಡ್ಸು. ಆದ್ರೆ ಮೊದ್ಲು ಆ ಬೇವಿನ ಟೊಂಗಿ ಕಡಿಸು," ಅಂದಳು.

ಟೊಂಗೆ ನಮ್ಮ ಮಾಳಿಗೆ ಮೇಲೆ ಚಾಚಿದೆ, ಮರ ಭಟ್ಟಿಯವರದು. ಮರಳು ತಂದವರಿಗೆ, ಫ್ರೀಜರ್ ಬಿಟ್ಟುಕೊಟ್ಟವರಿಗೆ ಅದನ್ನು ಹೇಳುವ ಬಾಯಿ ನಮಗ್ಯಾರಿಗೂ ಬಂದಿಲ್ಲ. ಸದ್ಯಕ್ಕೆ ಪೈಪಿನ ಬಾಯಿಗೆ ತಂತಿ ಜಾಲರಿ ಕೂರಿಸಿದ್ದೇವೆ.