ಒಂದೇ ಪುಟದಲ್ಲಿ ಐದು ‘ಬೈ’

ಅಪಾರ್ಟ್‌ಮೆಂಟ್ ಸಂಘವೊಂದರ ಇಂಗ್ಲಿಷ್ ನೋಟಿಸನ್ನು ಮೊನ್ನೆ ಕನ್ನಡಕ್ಕೆ ತರಬೇಕಿತ್ತು. ಒಂದೇ ಪುಟ. ಆದರೂ ಮಧ್ಯಾಹ್ನದವರೆಗೆ ಹಿಡಿಯಿತು. ಕಾರಣ, ಇಂಗ್ಲಿಷಿನಲ್ಲಿ ಎರಡೇ ಅಕ್ಷರದ ‘ಬೈ’ (by).

ಮೊದಲ ಸಾಲಿನಲ್ಲೇ ‘ಬೈ 10ತ್’ ಹಣ ಕಟ್ಟಬೇಕು ಅಂತಿತ್ತು. ಹಳೆಯ ಕನ್ನಡ ಪ್ರತಿಯಲ್ಲಿ ಇದು ‘10ರವರೆಗೆ’ ಆಗಿತ್ತು. ಅದು ತಪ್ಪು. ‘ವರೆಗೆ’ ಅಂದರೆ ‘ಟಿಲ್’. ಕೌಂಟರ್ 10ರವರೆಗೆ ತೆರೆದಿರುತ್ತದೆ ಅಂದಾಗ ಅಷ್ಟೂ ದಿನ ತೆರೆದೇ ಇರಬೇಕು. ಹಣ ಕಟ್ಟುವುದು ಒಮ್ಮೆ ಮಾಡಿ ಮುಗಿಸುವ ಕೆಲಸ, ಅದಕ್ಕೆ ‘ಬೈ’ ಗಡುವು ಹಾಕುತ್ತದೆ. ‘10ರೊಳಗೆ’ ಅಂದರೂ ಸಾಲದು, 10ನೇ ತಾರೀಖು ಸೇರಿತೋ ಇಲ್ಲವೋ ಅಂತ ಜಗಳ ಶುರುವಾಗುತ್ತದೆ. ಇಂಗ್ಲಿಷಿನಲ್ಲಿ ಆ ದಿನವೂ ಸೇರಿದೆ. ‘10ನೇ ತಾರೀಖಿನಂದು ಅಥವಾ ಅದಕ್ಕೂ ಮುಂಚೆ’ ಅಂತಲೇ ಬರೆದೆ.

ದುಡ್ಡಿನ ವಿಷಯದಲ್ಲಂತೂ ತೀರಾ ಎಚ್ಚರ ಬೇಕು. 2000 ರೂಪಾಯಿ ಶುಲ್ಕ ‘ಬೈ 500’ ಏರಿದರೆ 2500 ಕಟ್ಟಬೇಕು. ‘ಟು’ ಬಂದರೆ ಅಲ್ಲಿರುವುದೇ ಒಟ್ಟು ಮೊತ್ತ. ಕನ್ನಡದಲ್ಲಿ ಈ ವ್ಯತ್ಯಾಸವನ್ನೆಲ್ಲ ಒಂದು ‘ಕ್ಕೆ’ ಹೊರುತ್ತದೆ: ‘500 ರೂಪಾಯಿ ಏರಿದೆ’, ‘2500ಕ್ಕೆ ಏರಿದೆ’. 1000ದ ದಂಡ ‘ಬೈ 20 ಪರ್ಸೆಂಟ್’ ಇಳಿದರೆ 800, ‘ಟು 20 ಪರ್ಸೆಂಟ್’ ಇಳಿದರೆ 200.

ಟ್ಯಾಂಕನ್ನು ಗುತ್ತಿಗೆದಾರರು ತೊಳೆಯುತ್ತಾರೆ ಎಂಬ ಸಾಲಿನ ‘ಬೈ’ಗೆ ಕನ್ನಡದಲ್ಲಿ ಪದವೇ ಬೇಡ. ‘ಗುತ್ತಿಗೆದಾರರಿಂದ ತೊಳೆಯಲ್ಪಡುತ್ತದೆ’ ಅಂತ ಯಾರೂ ಮಾತಾಡುವುದಿಲ್ಲ.

ಸ್ಟೋರ್ ರೂಮ್ ‘10 ಬೈ 12’ ಅಂತಿದ್ದದ್ದನ್ನು ಹಾಗೇ ಬಿಟ್ಟೆ. ಬೆಂಗಳೂರಿನಲ್ಲಿ ಅದು ಕನ್ನಡವೇ ಆಗಿದೆ. ‘30 ಬೈ 40 ಸೈಟ್’ ಅಂದರೆ ಗುಣಿಸಬೇಕು, 1200 ಚದರಡಿ. ಅದೇ ಊರಿನ ದರ್ಶಿನಿಯಲ್ಲಿ ‘ಬೈ ಟೂ ಕಾಫಿ’ ಅಂದರೆ ಭಾಗಿಸಬೇಕು: ಒಂದು ಕಾಫಿ, ಎರಡು ಲೋಟ, ತಲಾ ಅರ್ಧ. ಮೂವರಿದ್ದರೆ ‘ಟೂ ಬೈ ತ್ರೀ’, ಎರಡು ಕಾಫಿ ಮೂರು ಲೋಟಕ್ಕೆ. ಗಣಿತದ ಭಿನ್ನರಾಶಿ ಓದುವ ರೀತಿಯೇ ಅದು, ಮೇಲಿನ ಅಂಕಿ ಮೊದಲು. ಕೌಂಟರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯ ಸಾಲಿನ ‘ಬೈ ದ ಗೇಟ್’ ಸುಲಭವಾಗಿತ್ತು. ‘ಹತ್ತಿರ’, ‘ಪಕ್ಕ’ ಅನ್ನುವುದು ಹಳೆಯ ಇಂಗ್ಲಿಷಿನಿಂದಲೂ ಈ ಪದಕ್ಕಿರುವ ಅರ್ಥ. ‘ರಸೀದಿ ಗೇಟಿನ ಪಕ್ಕದ ಕೋಣೆಯಲ್ಲಿ ಸಿಗುತ್ತದೆ’ ಅಂತ ಬರೆದು ಕಳಿಸಿದೆ.