ಕರೆಂಟ್ ಎಲ್ಲಾ ಕಡೆ ಕರೆಂಟೇ ಅಲ್ವಾ ಮೇಡಂ?

ಸೋಮವಾರದಿಂದ ಇದೊಂದೇ ಮಾತು ತಲೆಯಲ್ಲಿ ಗುಂಯ್‌ಗುಡುತ್ತಿದೆ. "ಕರೆಂಟ್ ಎಲ್ಲಾ ಕಡೆ ಕರೆಂಟೇ ಅಲ್ವಾ ಮೇಡಂ?" ದೇವರಾಜ ಅರಸು ರಸ್ತೆಯ ಅಂಗಡಿಯವನೊಬ್ಬ ನಮ್ಮಕ್ಕನಿಗೆ ಹೀಗೆ ಹೇಳಿ 750 ವ್ಯಾಟಿನ ಮಿಕ್ಸಿಯನ್ನೂ, ಅದರ ಜೊತೆಗೆ 150 ರೂಪಾಯಿಯ ಒಂದು ಪಿನ್ನನ್ನೂ ಮಾರಿಬಿಟ್ಟಿದ್ದ. ನಾನು ಅಕ್ಕನ ಮನೆಗೆ ಹೋಗುವಷ್ಟರಲ್ಲಿ ಮಿಕ್ಸಿ ಹಾಲಿನ ಮಧ್ಯೆ, ಬಾಯಿ ತೆರೆದ ಸೂಟ್‌ಕೇಸಿನ ಪಕ್ಕ, ಹಳೇ ಟವೆಲ್ ಸುತ್ತಿಕೊಂಡು ಕೂತಿತ್ತು. ಒಂದು ಜಾರಿನೊಳಗೆ ಸಾರಿನಪುಡಿ ಪೊಟ್ಟಣ, ಇನ್ನೊಂದರಲ್ಲಿ ಹುಣಸೆಹಣ್ಣು, ಚಟ್ನಿ ಜಾರಿನಲ್ಲಿ ಇಂಗು. ಜಾಗ ವೇಸ್ಟ್ ಮಾಡಬಾರದಲ್ಲ.

ಅಕ್ಕನ ಮಗಳು ಪುಟ್ಟಿ ಆಗಸ್ಟಿನಲ್ಲಿ ಡಲ್ಲಾಸ್ ಕಡೆ ಎಂ.ಎಸ್. ಓದಲು ಹೊರಟಿದ್ದಾಳೆ. ನಾನು ಆರು ವರ್ಷ ಅಲ್ಲೇ ಇದ್ದು ಬಂದವಳು. ಆದರೂ ನನ್ನನ್ನು ಕರೆದಿದ್ದು ಮಿಕ್ಸಿ ಕೊಂಡ ಮೇಲೆ, ಪ್ಯಾಕಿಂಗ್ ಸರಿಯಾಗಿದೆಯಾ ನೋಡಲು.

ಟವೆಲ್ ಬಿಚ್ಚಿ ಮಿಕ್ಸಿ ಮಗುಚಿ ನೋಡಿದೆ. ಅಡಿಯಲ್ಲಿ ಸ್ಟಿಕ್ಕರ್ ಇತ್ತು, ಎಷ್ಟು ವೋಲ್ಟು, ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡಬೇಕು (ಅದೇ ಹರ್ಟ್ಸ್) ಅಂತ. 230 ವೋಲ್ಟ್, 50 ಹರ್ಟ್ಸ್.

"ಅಕ್ಕಾ, ಅಮೇರಿಕಾದಲ್ಲಿ 120 ವೋಲ್ಟ್. ಇದನ್ನ ಅಲ್ಲಿಗೆ ಒಯ್ದು ಏನು ಮಾಡ್ತಾಳೆ?"

"ಅದಕ್ಕೇ ಪಿನ್ ಕೊಟ್ಟಿದ್ದಾನಲ್ಲೇ."

"ಪಿನ್ ಆಕಾರ ಬದಲಾಯಿಸುತ್ತೆ ಅಷ್ಟೇ. ನಮ್ಮ ದಪ್ಪ ಮೂರು ಕಡ್ಡಿ ಅಲ್ಲಿನ ಚಪ್ಪಟೆ ತೂತಿಗೆ ಹೋಗುತ್ತೆ. ವೋಲ್ಟೇಜ್ ಅಷ್ಟೇ ಇರುತ್ತೆ."

"ಎದುರುಮನೆಯವರ ಮಗ ಜರ್ಮನಿಗೆ ಒಯ್ದಿಲ್ವಾ? ನಾಲ್ಕು ವರ್ಷದಿಂದ ದೋಸೆಗೆ ರುಬ್ಬುತ್ತಿದ್ದಾನೆ. ಅಂಗಡಿಯವನೂ ಅದೇ ಹೇಳಿದ. ಕರೆಂಟ್ ಎಲ್ಲಾ ಕಡೆ ಕರೆಂಟೇ ಅಂತ."

ಎಡವಟ್ಟಾಗಿದ್ದು ಇಲ್ಲೇ. ಎದುರುಮನೆಯ ಹುಡುಗ ಸುಳ್ಳು ಹೇಳಿಲ್ಲ. ಜರ್ಮನಿಯಲ್ಲಿ ನಮ್ಮ ಹಾಗೇ 230 ವೋಲ್ಟ್, 50 ಹರ್ಟ್ಸ್. ಬ್ರಿಟನ್, ಆಸ್ಟ್ರೇಲಿಯಾದಲ್ಲೂ ಅಷ್ಟೇ. ಅಲ್ಲಿಗೆಲ್ಲ ಹೋಗುವವರಿಗೆ ಅರ್ಥಿಂಗ್ ಇರುವ ಒಳ್ಳೆಯ ಅಡಾಪ್ಟರ್ ಇದ್ದರೆ ಮಿಕ್ಸಿ ತಿರುಗುತ್ತದೆ. ಆದರೆ ಅಮೇರಿಕಾ, ಕೆನಡಾದಲ್ಲಿ 120 ವೋಲ್ಟ್, 60 ಹರ್ಟ್ಸ್. ಜಪಾನಿನಲ್ಲಿ ಬರೀ 100. ಅಲ್ಲಂತೂ ಒಂದೇ ದೇಶದೊಳಗೆ ಟೋಕಿಯೋ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ನೂರಿಪ್ಪತ್ತೈದು ವರ್ಷಕ್ಕೂ ಹಿಂದೆ ಒಬ್ಬರು ಜರ್ಮನಿಯಿಂದ ಜನರೇಟರ್ ತರಿಸಿದರು, ಇನ್ನೊಬ್ಬರು ಅಮೇರಿಕಾದಿಂದ ತರಿಸಿದರು. ಅದು ಇವತ್ತಿಗೂ ಹಾಗೇ ಉಳಿದುಕೊಂಡಿದೆ. ಇದನ್ನೂ ಅಕ್ಕನಿಗೆ ಹೇಳಿದೆ. "ಅವಳು ಜಪಾನಿಗೆ ಹೋಗ್ತಿಲ್ಲ" ಅಂದಳು.

ನಮ್ಮಕ್ಕ ಟೊಮ್ಯಾಟೊ ಕೊಳ್ಳುವಾಗ ಒಂದೊಂದನ್ನೂ ತಿರುಗಿಸಿ, ಒತ್ತಿ, ತೊಟ್ಟು ನೋಡಿ ತಗೊಳ್ಳುವವಳು. ದೇವರಾಜ ಮಾರ್ಕೆಟ್ಟಿನಲ್ಲಿ ಅವಳನ್ನು ಕಂಡರೆ ತರಕಾರಿಯವರು ಮುಖ ಆ ಕಡೆ ತಿರುಗಿಸುತ್ತಾರೆ. ಅದೇ ಅಕ್ಕ ಮೆಷಿನ್ ವಿಷಯ ಬಂದರೆ ಯಾರು ಗಟ್ಟಿಯಾಗಿ ಹೇಳುತ್ತಾರೋ ಅವರನ್ನು ನಂಬುತ್ತಾಳೆ. ಅಂಗಡಿಯವನು ಗಟ್ಟಿಯಾಗಿ ಹೇಳಿದ್ದ. ನಾನು "ಅಂದ್ರೆ ಏನಾಗುತ್ತೆ ಅಂದ್ರೆ" ಅಂತ ಶುರು ಮಾಡಿದ್ದೆ. ಸೋತಿದ್ದೆ.

ನಿಜ ಹೇಳಬೇಕೆಂದರೆ 2008ರಲ್ಲಿ ನಾನೂ ಇದೇ ಕೆಲಸ ಮಾಡಿದ್ದೆ. ಅಮ್ಮ ಕೊಡಿಸಿದ ಮಿಕ್ಸಿಯನ್ನು ಸೀರೆಗಳ ಮಧ್ಯೆ ಇಟ್ಟುಕೊಂಡು ಟೆಕ್ಸಸ್‌ಗೆ ಹೋಗಿದ್ದೆ. ಮೊದಲ ಭಾನುವಾರ ಕಾಯಿ, ಹುರಿಗಡಲೆ, ಹಸಿಮೆಣಸು ಹಾಕಿ ಸ್ವಿಚ್ ಒತ್ತಿದೆ. ಸುಡುತ್ತದೆ, ಢಬ್ ಅನ್ನುತ್ತದೆ ಅಂತ ಜನ ಹೆದರಿಸುತ್ತಾರೆ. ಅಂಥದ್ದೇನೂ ಆಗಲಿಲ್ಲ. ವಯಸ್ಸಾದವರು ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುವ ಹಾಗೆ ಊಂ... ಊಂ... ಅಂತ ತಿರುಗಿತು. ಆಮೇಲೆ ಕಾಯಿಚೂರು ಸಿಕ್ಕಿಹಾಕಿಕೊಂಡು ನಿಂತೇಹೋಯಿತು, ಸಣ್ಣಗೆ ಸೀದ ವಾಸನೆ ಬಂತು. ನಾನು ಅತ್ತೆ. ಚಟ್ನಿಗಾಗಿ ಅತ್ತೆನಾ, ಊರಿಗಾಗಿಯಾ, ಈಗ ನೆನಪಿಲ್ಲ.

ಆಮೇಲೆ ಯಾರೋ ಹೇಳಿದರು ಅಂತ 120 ವೋಲ್ಟನ್ನು ನಮ್ಮ 230ಕ್ಕೆ ಏರಿಸುವ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಕೊಂಡೆವು. 750 ವ್ಯಾಟಿನ ಮಿಕ್ಸಿಗೆ 750ರದ್ದು ಸಾಲುವುದಿಲ್ಲ, ಮೋಟಾರು ಶುರುವಾಗುವಾಗ ಜಾಸ್ತಿ ಎಳೆಯುತ್ತದೆ, ಅದರ ಎರಡರಷ್ಟಾದರೂ ಬೇಕು. ಬಂದಿದ್ದು ಬೀಸುಕಲ್ಲಿನಂಥ ಒಂದು ಪೆಟ್ಟಿಗೆ. ಮಿಕ್ಸಿಗಿಂತ ಅದೇ ಭಾರ. ಸುಮ್ನೆ ಕೂತಿದ್ದರೂ ಬೆಚ್ಚಗಿರುತ್ತಿತ್ತು, ಗೊಣಗುತ್ತಿತ್ತು. ಕೌಂಟರಿನ ಅರ್ಧ ಜಾಗ ಅದಕ್ಕೇ. ಇಷ್ಟೆಲ್ಲ ಆದಮೇಲೆ ಗೊತ್ತಾಗಿದ್ದು, ಅಲ್ಲಿನ ಇಂಡಿಯನ್ ಅಂಗಡಿಗಳಲ್ಲೇ ನಮ್ಮ ಕಂಪನಿಗಳ 110 ವೋಲ್ಟಿನ ಮಿಕ್ಸಿ ಸಿಗುತ್ತದೆ ಅಂತ. ಅಕ್ಕಿ ಮೂಟೆಗಳ ಪಕ್ಕದಲ್ಲೇ ಜೋಡಿಸಿಟ್ಟಿರುತ್ತಾರೆ. ಇಲ್ಲಿಗಿಂತ ರೇಟು ಜಾಸ್ತಿ, ನಿಜ. ಆದರೆ ತಿರುಗುತ್ತದೆ.

ಬುದ್ಧಿ ಬಂತಾ? ಇಲ್ಲ. 2014ರಲ್ಲಿ ವಾಪಸ್ ಬರುವಾಗ ಅಲ್ಲಿನ ಟೋಸ್ಟರನ್ನು ಹೊತ್ತು ತಂದೆವು. ನಮ್ಮನೆಯವರು ಮೆಕ್ಯಾನಿಕಲ್ ಇಂಜಿನಿಯರ್, ಅದನ್ನು ಇಲ್ಲಿ ಹೇಳಲೇಬೇಕು. ಬ್ರೆಡ್ ಇಟ್ಟು ಅವರೇ ಸ್ವಿಚ್ ಹಾಕಿದರು. ಒಳಗಿನ ತಂತಿ ದೀಪಾವಳಿಯ ಸುರುಸುರುಬತ್ತಿ ಥರ ಬೆಳ್ಳಗೆ ಹೊಳೆದು, ಪಟ್ ಅಂದು, ಮನೆಯೆಲ್ಲ ಕತ್ತಲಾಯಿತು. ವೋಲ್ಟೇಜ್ ಎರಡರಷ್ಟಾದರೆ ಬಿಸಿ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಅರ್ಧವಾದರೆ ಕಾಲುಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಇಲ್ಲಿನ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಅಲ್ಲಿ 270 ವ್ಯಾಟಿನಷ್ಟು ಕೆಲಸ ಮಾಡೀತು. ಬಟ್ಟೆಗೆ ಜ್ವರ ಬಂದ ಹಾಗಿರುತ್ತದೆ, ಸುಕ್ಕು ಹೋಗುವುದಿಲ್ಲ.

ಆ ಟೋಸ್ಟರಿನ ಅಡಿಯಲ್ಲೂ ಬರೆದಿತ್ತು. 120 ವೋಲ್ಟ್ ಅಂತ. ಆರು ವರ್ಷ ಅದರಲ್ಲಿ ಬ್ರೆಡ್ ಸುಟ್ಟಿದ್ದೇವೆ, ಒಂದು ದಿನ ಮಗುಚಿ ನೋಡಿರಲಿಲ್ಲ. ಮಗುಚಿದ್ದು ಕಸಕ್ಕೆ ಹಾಕುವಾಗ. ಹಾಗಾಗಿ ಅಂಗಡಿಯವನ ಮೇಲೆ ನನಗೆ ಯಾಕೆ ಅಷ್ಟು ಕೋಪ ಬಂತೋ ಗೊತ್ತಿಲ್ಲ. ಅವನಿಗೆ ಗೊತ್ತಿದ್ದೂ ಹೇಳಿದ್ದಾದರೆ ಕಿಲಾಡಿ. ಗೊತ್ತಿಲ್ಲದೆ ಹೇಳಿದ್ದಾದರೆ ನಮ್ಮನೆಯವರ ಥರ.

ಮಾತು ಮೂರು ದಿನ ನಡೆಯಿತು. ಭಾವ ಪೇಪರಿನ ಹಿಂದೆ ಅಡಗಿಕೊಂಡರು. ಅಕ್ಕ ಗ್ರೈಂಡರಿಗೆ ಬಂದಳು, ಹೋಗಲಿ ಸಣ್ಣ ಗ್ರೈಂಡರ್ ಕೊಡಿಸಲಾ ಅಂತ. ಅದು ಇನ್ನೊಂದು ಕಥೆ. ಹತ್ತು ಕೆ.ಜಿ.ಗೂ ಮೇಲೆ ಕಲ್ಲು ಮೋಟಾರಿನದೇ ತೂಕ, ಇವಳಿಗೆ ಕೊಟ್ಟಿರುವುದು 23 ಕೆ.ಜಿ.ಯ ಎರಡು ಬ್ಯಾಗು. ಗ್ರೈಂಡರಿನ ಮೋಟಾರು ಮಿಕ್ಸಿಯದ್ದರಂತಲ್ಲ, ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಸರಿ ಮಾಡಿದರೂ 60 ಹರ್ಟ್ಸಿಗೆ ಅದರ ವೇಗವೇ ಬದಲಾಗುತ್ತದೆ. ಫೋನ್, ಲ್ಯಾಪ್‌ಟಾಪ್ ಚಾರ್ಜರ್ ಮಾತ್ರ ನಿಶ್ಚಿಂತೆಯಿಂದ ಒಯ್ಯಬಹುದು ಅಂತ ಒಂದೊಂದನ್ನೂ ಮಗುಚಿ ತೋರಿಸಿದೆ, "100-240" ಅಂತ ಬರೆದಿರುತ್ತದೆ ನೋಡು ಅಂತ. ಅಕ್ಕ ಕನ್ನಡಕ ಹಾಕಿಕೊಂಡು ಓದಿ, "ಇದಕ್ಕೆ ಮಾತ್ರ ಎಲ್ಲಾ ಕಡೆ ಕರೆಂಟ್ ಕರೆಂಟೇ" ಅಂದಳು. ಅಂಗಡಿಯವನ ಮಾತಿಗೆ ಒಂದು ಪುರಾವೆಯಾದರೂ ಸಿಕ್ಕಿತಲ್ಲ ಅನ್ನುವ ಖುಷಿ.

ಇಷ್ಟೂ ಹೊತ್ತು ಪುಟ್ಟಿ ಸೋಫಾದ ಮೂಲೆಯಲ್ಲಿ ಫೋನ್ ಹಿಡಿದು ಕೂತಿದ್ದಳು. ಬುಧವಾರ ಸಂಜೆ ತಲೆ ಎತ್ತದೆ ಕೇಳಿದಳು, "ಚಿಕ್ಕಮ್ಮಾ, ನಾನು ಅಲ್ಲಿ ಚಟ್ನಿ ಮಾಡ್ತೀನಿ ಅಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಮೂರು ದಿನ ವೋಲ್ಟೇಜ್ ಪಾಠ ಮಾಡಿದ್ದೆ. ಅವಳ ರೂಮ್‌ಮೇಟ್ ತೆಲುಗು ಹುಡುಗಿಯಂತೆ, ಅಲ್ಲೇ ಒಂದು ವರ್ಷದಿಂದ ಇದ್ದಾಳಂತೆ, ಅವಳ ಹತ್ತಿರ ಆಗಲೇ ಮಿಕ್ಸಿ ಇದೆಯಂತೆ. ಜೂನ್‌ನಿಂದ ಪುಟ್ಟಿಗೆ ಗೊತ್ತು.

"ಮೊದಲೇ ಹೇಳಬಾರದಿತ್ತಾ?" ಅಂದೆ.

"ನೀವಿಬ್ರೂ ಮಾತಾಡ್ತಿದ್ರಿ."

ಗುರುವಾರ ಅಕ್ಕ ಮಿಕ್ಸಿ ಹೊತ್ತುಕೊಂಡು ಅಂಗಡಿಗೆ ಹೋದಳು. ನನ್ನನ್ನು ಕರೆಯಲಿಲ್ಲ. ದುಡ್ಡು ವಾಪಸ್ ಕೊಡಲ್ಲ, ಬೇರೆ ಸಾಮಾನು ತಗೊಳ್ಳಿ ಅಂದನಂತೆ. ಮೂರು ಲೀಟರಿನ ಕುಕ್ಕರು, ಎರಡು ಬಾಣಲೆ, ಇಡ್ಲಿ ಸ್ಟ್ಯಾಂಡ್ ತಂದಳು. ಮುಖದಲ್ಲಿ ಗೆದ್ದ ಕಳೆ. "ಇದಕ್ಕೆ ಕರೆಂಟೇ ಬೇಡ. ಅಂಗಡಿಯವನೂ ಹೇಳಿದ, ಬೆಂಕಿ ಎಲ್ಲಾ ಕಡೆ ಬೆಂಕಿನೇ ಅಲ್ವಾ ಮೇಡಂ ಅಂತ."

ಪುಟ್ಟಿ ಮಾತಾಡದೆ ಫೋನ್ ನನ್ನ ಕಡೆ ತಿರುಗಿಸಿದಳು. ಅವಳು ಹೋಗಲಿರುವ ಮನೆಯ ಅಡುಗೆಮನೆ. ಒಲೆಯ ಜಾಗದಲ್ಲಿ ಕಪ್ಪು ಗಾಜು, ಬೆಂಕಿಯ ಸುಳಿವಿಲ್ಲ. ಬರೀ ಕಾಯಿಲ್ ಬಿಸಿಯಾಗುವ ಗಾಜಿನ ಒಲೆಯಾದರೆ ಯಾವ ಕುಕ್ಕರಾದರೂ ನಡೆಯುತ್ತದೆ. ಇಂಡಕ್ಷನ್ ಆದರೆ ತಳಕ್ಕೆ ಅಯಸ್ಕಾಂತ ಅಂಟಬೇಕು, ಬರೀ ಅಲ್ಯೂಮಿನಿಯಂ ಆದರೆ ತಣ್ಣಗೇ ಕೂತಿರುತ್ತದೆ. ಫೋಟೋದಲ್ಲಿ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ.

ನಾನು ಏನೂ ಹೇಳದೆ ಕುಕ್ಕರ್ ಮಗುಚಿದೆ. ಅಕ್ಕ ಒಂದು ಕ್ಷಣ ನನ್ನನ್ನೇ ನೋಡಿ, ಒಳಗೆ ಹೋಗಿ, ಫ್ರಿಜ್ ಮೇಲಿದ್ದ ತಿರುಪತಿಯ ಮ್ಯಾಗ್ನೆಟ್ ಕಿತ್ತುಕೊಂಡು ಬಂದಳು. ಕಣ್ಣಿಗೊತ್ತಿಕೊಂಡು ಕುಕ್ಕರಿನ ತಳಕ್ಕೆ ಇಟ್ಟು, ಕುಕ್ಕರನ್ನು ಮೆಲ್ಲಗೆ ಓರೆ ಮಾಡಿದಳು.

ತಿಮ್ಮಪ್ಪ ಜಾರಿ ಸೀದಾ ಸೂಟ್‌ಕೇಸಿನೊಳಗೆ ಬಿದ್ದ.