ಮೈದಾಳ ಕೆರೆಯಲ್ಲಿ ಓಡಿದ ಮೋಟರ್‌ಸೈಲರ್

ಹಾಯಿಯೂ ಇದ್ದು, ಜೊತೆಗೆ ಗಟ್ಟಿಮುಟ್ಟಾದ ಡೀಸೆಲ್ ಇಂಜಿನ್ನೂ ಇರುವ ದೋಣಿಗೆ ಮೋಟರ್‌ಸೈಲರ್ ಅಂತಾರೆ. ರೇಸ್ ದೋಣಿ ಓಡಿಸುವವರಿಗೆ ಇದು ಅಷ್ಟಕ್ಕಷ್ಟೆ. ಭಾರ ಜಾಸ್ತಿ, ನಿಧಾನ ಅಂತ ದೂರು. ನಮ್ಮ ಚಿಕ್ಕಪ್ಪನ ಮುಂದೆ ಮಾತ್ರ ಹಾಗೆ ಹೇಳೋ ಹಾಗಿಲ್ಲ. ಸರಕು ಹಡಗುಗಳ ಇಂಜಿನ್ ರೂಮಿನಲ್ಲಿ ದುಡಿದು, ನಿವೃತ್ತರಾಗಿ ತುಮಕೂರಿಗೆ ಬಂದ ಮೇಲೆ ಅವರು ಕೂತು ಕಟ್ಟಿದ್ದೇ ಫಿಶರ್ 25 ಎಂಬ ದೋಣಿಯ ಮಾದರಿಯನ್ನು. ಹತ್ತರಲ್ಲೊಂದು ಅಳತೆ, ಎರಡೂವರೆ ಅಡಿ ಉದ್ದ, ರಿಮೋಟಿನಲ್ಲಿ ಓಡುತ್ತದೆ.

ಫಿಶರ್ ದೋಣಿಗಳನ್ನು 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದರು. ನೋಡೋಕೆ ಉತ್ತರ ಸಮುದ್ರದ ಮೀನುಗಾರರ ದೋಣಿಯ ಥರಾನೇ. ಎತ್ತರದ ಮೂತಿ, ಎರಡು ಕಂಬ, ನಡುವೆ ಗಾಜಿನ ಕಿಟಕಿಗಳ ಕೋಣೆ. ಹೊರಗೆ ಚಳಿ ಮಳೆ ಹೊಡೆಯುತ್ತಿದ್ದರೂ ಒಳಗೆ ಬೆಚ್ಚಗೆ ನಿಂತು ಚುಕ್ಕಾಣಿ ಹಿಡಿಯಬಹುದು. ನನಗೆ ಆ ಕೋಣೆ ಒಂದೇ ಸಾಕು ಇದನ್ನು ಇಷ್ಟಪಡೋಕೆ.

ಆಷಾಢದ ಒಂದು ಭಾನುವಾರ ಮಾದರಿಯನ್ನು ಮೈದಾಳ ಕೆರೆಗೆ ಒಯ್ದೆವು. ಏರಿಯ ಮೇಲೆ ನಿಂತರೆ ಸೆರಗು ನಿಲ್ಲದಷ್ಟು ಗಾಳಿ. ನಿಜವಾದ ದೋಣಿ ನಾಲ್ಕೂವರೆ ಟನ್ ತೂಗುತ್ತದೆ, ಇದು ನಾಲ್ಕೂವರೆ ಕಿಲೋ. ಆದರೆ ಗಾಳಿಯನ್ನು ಹಾಗೆ ಚಿಕ್ಕದು ಮಾಡೋಕಾಗಲ್ಲ ಅಲ್ವಾ? ನಮಗೆ ತಂಗಾಳಿ ಅನ್ನಿಸೋದು ಮಾದರಿಗೆ ಬಿರುಗಾಳಿ. ಅದಕ್ಕೇ ಚಿಕ್ಕಪ್ಪ ದೋಣಿಯ ತಳದ ಉದ್ದ ಪಟ್ಟಿಗೆ (ಇದಕ್ಕೆ ಕೀಲ್ ಅಂತಾರೆ) ಸೀಸದ ತುಂಡಿರುವ ಇನ್ನೊಂದು ಪಟ್ಟಿ ಕೂರಿಸಿದ್ದರು. ಇಲ್ಲದಿದ್ದರೆ ಮೊದಲ ಬೀಸಿಗೇ ಮಗುಚಿಕೊಳ್ಳುತ್ತಿತ್ತು.

ಗಾಳಿ ಪಕ್ಕದಿಂದ ಬೀಸುವಾಗ ಬರೀ ಹಾಯಿಯಲ್ಲೇ ಎಷ್ಟು ಚೆನ್ನಾಗಿ ಓಡಿತು ಗೊತ್ತಾ! ವಾಪಸ್ ಬರುವಾಗ ಗಾಳಿಗೆ ಎದುರಾಗಿ ಬರಬೇಕು. ಅಲ್ಲಿ ಕಷ್ಟ ಶುರುವಾಯಿತು. ಬರೀ ಹಾಯಿಯಲ್ಲಿ ಗಾಳಿಗೆ ನೇರ ಎದುರಾಗಿ ಹೋಗೋಕಾಗಲ್ಲ, ಓರೆಯಾಗಿಯೇ ಸಾಗಬೇಕು. ಒಳ್ಳೆ ರೇಸ್ ದೋಣಿ ಗಾಳಿಯ ದಿಕ್ಕಿನಿಂದ 45 ಡಿಗ್ರಿಯೊಳಗೆ ಮೂತಿ ಇಟ್ಟು ಸಾಗಬಲ್ಲದು. ಇಂಥ ಭಾರದ ದೋಣಿಗೆ 55–60 ಡಿಗ್ರಿಯಾದರೂ ಬೇಕು, ಸಾಲದ್ದಕ್ಕೆ ಪಕ್ಕಕ್ಕೆ ಬೇರೆ ಜಾರುತ್ತದೆ. ಅಂಕುಡೊಂಕಾಗಿ ಎಷ್ಟು ತಿರುಗಿಸಿದರೂ ದೋಣಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

"ಈಗ ನೋಡಮ್ಮ" ಅಂದು ಚಿಕ್ಕಪ್ಪ ಹಾಯಿ ಇಳಿಸದೆಯೇ ಮೋಟರನ್ನು ಮೆಲ್ಲಗೆ ಹಾಕಿದರು. ದೋಣಿ ಗಾಳಿಗೆ ಇನ್ನಷ್ಟು ಹತ್ತಿರಕ್ಕೆ ಮೂತಿ ತಿರುಗಿಸಿ, ಜಾರೋದನ್ನು ಬಿಟ್ಟು ನೇರ ನಮ್ಮ ಕಡೆ ಬಂತು. ಇಂಜಿನ್ ತಂದ ವೇಗಕ್ಕೆ ಹಾಯಿಗೆ ತಾಗುವ ಗಾಳಿ ಜೋರಾಗುತ್ತದೆ, ತಳದ ಕೀಲ್ ಸುತ್ತ ನೀರು ಬೇಗ ಹರಿದು ಹಿಡಿತ ಸಿಗುತ್ತದೆ. ಇತ್ತ ದೋಣಿಯ ಹೊಯ್ದಾಟವನ್ನು ಹಾಯಿ ತಗ್ಗಿಸುತ್ತದೆ, ಡೀಸೆಲ್ಲೂ ಉಳಿಯುತ್ತದೆ. ಇವೆರಡೂ ಒಟ್ಟಿಗೆ ದುಡಿಯುವುದನ್ನು ನೋಡದೆ ಬರೀ ಹಾಯಿಯ ಓಟ ನೋಡಿ ಮೋಟರ್‌ಸೈಲರಿಗೆ ಮಾರ್ಕ್ಸ್ ಕೊಡೋದು ಅನ್ಯಾಯ ಅಂತಲೇ ನನಗನ್ನಿಸುತ್ತದೆ.

ವೇಗಕ್ಕೆ ಮಿತಿ ಇದೆ, ನಿಜ. ಇಂಥ ದೋಣಿಯ ವೇಗ ನೀರಿಗೆ ತಾಗುವ ಉದ್ದದ ಮೇಲೆ ನಿಂತಿದೆ. ನಿಜವಾದ ಫಿಶರ್ 25ರಲ್ಲಿ ಆ ಉದ್ದ 21 ಅಡಿ, ಅದಕ್ಕೆ ಸುಮಾರು 6 ನಾಟ್, ಅಂದರೆ ಗಂಟೆಗೆ 11 ಕಿಲೋಮೀಟರ್. ಇಂಜಿನ್ ಎಷ್ಟು ಒತ್ತಿದರೂ ಅದರ ಮೇಲೆ ಹೆಚ್ಚೇನೂ ಸಿಗಲ್ಲ.

ಬರೀ ಹಾಯಿಯಲ್ಲಿ ಓಡುವಾಗ ಮೂರು ರೆಕ್ಕೆಯ ದಪ್ಪ ಪ್ರೊಪೆಲ್ಲರ್ ನೀರನ್ನು ತಡೆದು ವೇಗ ಕಡಿಮೆ ಮಾಡುತ್ತದೆ. ಮಡಚುವಂಥದ್ದು ಹಾಕಬಾರದಾ ಎಂದು ಕೇಳಿದೆ. ಚಿಕ್ಕಪ್ಪ ಒಪ್ಪಲಿಲ್ಲ. ಬಂದರಿನ ಬಾಯಲ್ಲಿ ಎದುರುಗಾಳಿ, ಎದುರಲೆ ಎರಡೂ ಇದ್ದಾಗ ಎಳೆದು ಒಳಗೆ ತರೋದು ಆ ಮೂರು ರೆಕ್ಕೆಯೇ ಅಂದರು. ಅದರ ಬದಲು ಗಾಳಿ ಕಮ್ಮಿ ಇರುವ ದಿನಗಳಿಗೆ ಮುಂದಿನ ಹಾಯಿಯನ್ನು ಇನ್ನೂ ದೊಡ್ಡದಾಗಿ ಕತ್ತರಿಸಿದ್ದಾರೆ. ಚಿಕ್ಕಮ್ಮ ಹೊಲಿಯುತ್ತಿದ್ದಾರೆ.